ಚೆಂಡು ತಟ್ಟಿದ ಕೈ, ಚೆಂಡು ಕೊಟ್ಟ ಕೈ

ಕಳೆದ ಸಂಚಿಕೆಯಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ಬಗ್ಗೆ ಬರೆಯುವಾಗ, "ಅವನಿಗೆ ಬದಲಾಗಿ ಒಬ್ಬ ಸರ್ಬಿಯಾದ ಸೆಂಟರ್‌ನನ್ನು ಕೊಟ್ಟು ಕೈತೊಳೆದುಕೊಂಡರು" ಎಂದು ಒಂದು ಸಾಲು ಗೀಚಿದ್ದೆ. ಕೋಬಿಯ ಬಗ್ಗೆ ಬರೆದ ಎರಡು ಪುಟಕ್ಕೆ ಬಂದದ್ದು ಮೂರು ಪತ್ರ. ಈ ಒಂದು ಸಾಲಿಗೆ ಬಂದದ್ದು ಒಂದು ಕಟ್ಟು. ಕೆಲವರು ಕುತೂಹಲದಿಂದ ಕೇಳಿದ್ದಾರೆ, ಕೆಲವರು ಚೆನ್ನಾಗಿಯೇ ಬೈದಿದ್ದಾರೆ. ಆದ್ದರಿಂದ ಈ ತಿಂಗಳ ಅಂಕಣ ಪೂರ್ತಿ ಆ ಸರ್ಬಿಯಾದವನದು, ವ್ಲಾದೆ ದಿವಾತ್ಸ್‌ನದು. ಹೊಸ ಓದುಗರಿಗೆ ಒಂದು ಮಾತು: ನಾನು ಇಪ್ಪತ್ತೆರಡು ವರ್ಷ ರೆಫರಿಯಾಗಿ ಸೀಟಿ ಊದಿದವನು. ಅದಕ್ಕೂ ಮೊದಲು ಸೆಂಟರ್ ಆಗಿ, ಅಂದರೆ ಬುಟ್ಟಿಯ ಬಳಿ ನಿಲ್ಲುವ ಎತ್ತರದವನಾಗಿ, ಆಡಿ ಎರಡೂ ಮೊಣಕಾಲು ಹಾಳು ಮಾಡಿಕೊಂಡವನು. ಆಟಗಾರರನ್ನು ಏಕವಚನದಲ್ಲಿ ಕರೆಯುವುದು ಆಗಿನಿಂದ ಅಂಟಿದ ಚಟ. ಕ್ಷಮೆಯಿರಲಿ.

ಪ್ರಶ್ನೆ: ನಮ್ಮ ಪತ್ರಿಕೆಗಳು 'ಡಿವಾಕ್' ಎಂದು ಬರೆಯುತ್ತವೆ, ನೀವು ಬೇರೆ ಏನೋ ಬರೆಯುತ್ತೀರಿ. ಯಾವುದು ಸರಿ?

ಉತ್ತರ: ದಿವಾತ್ಸ್. ಸರ್ಬಿಯನ್ ಭಾಷೆಯಲ್ಲಿ ಆ ಕೊನೆಯ ಅಕ್ಷರವನ್ನು 'ಕ್' ಎನ್ನುವುದಿಲ್ಲ, 'ತ್ಸ್' ಎನ್ನುತ್ತಾರೆ. ಮೊದಲನೆಯದು ನಮ್ಮ ಹಲ್ಲಿಗೆ ತಾಗುವ 'ದ'. ಇಂಗ್ಲಿಷ್ ಮೂಲಕ ಹಾದು ಬಂದದ್ದಕ್ಕೆ ಅದು 'ಡ' ಆಗಿ ನಮಗೆ ಸಿಕ್ಕಿತು. ನಮ್ಮ ಲಿಪಿಯಲ್ಲಿ ಇದ್ದದ್ದನ್ನು ಬಿಟ್ಟು ಇಲ್ಲದ ಕಷ್ಟವನ್ನು ತಂದುಕೊಂಡಿದ್ದೇವೆ.

ಪ್ರಶ್ನೆ: ಕೋಬಿಯಂಥವನಿಗೆ ಬದಲಾಗಿ ಇವನನ್ನು ಕೊಟ್ಟರು ಎಂದರೆ ಲೇಕರ್ಸ್‌ಗೆ ಇವನು ಬೇಡವಾಗಿದ್ದನೇ? 'ಕೈತೊಳೆದುಕೊಂಡರು' ಎಂದು ನೀವು ಬರೆದದ್ದು ಅನ್ಯಾಯ ಅನ್ನಿಸಿತು.

ಉತ್ತರ: ಅನ್ಯಾಯವೇ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಎನ್‌ಬಿಎ ಎಂದರೆ ಅಮೆರಿಕದ ವೃತ್ತಿಪರ ಲೀಗ್; ಅದರ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು ಡ್ರಾಫ್ಟ್. 1989ರ ಡ್ರಾಫ್ಟ್‌ನಲ್ಲಿ ಲಾಸ್ ಏಂಜಲಿಸ್ ಲೇಕರ್ಸ್ ತಂಡ 26ನೆಯವನಾಗಿ ಆರಿಸಿಕೊಂಡಾಗ ದಿವಾತ್ಸ್‌ಗೆ ಇಪ್ಪತ್ತೊಂದು ವರ್ಷ. ಬೆಲ್‌ಗ್ರೇಡಿನ ಪಾರ್ಟಿಜಾನ್ ತಂಡದಲ್ಲಿ ಆಡುತ್ತಿದ್ದ, ಆ ವರ್ಷವಷ್ಟೇ ಯುರೋಪಿನ ಕ್ಲಬ್‌ಗಳ ಕೋರಾಚ್ ಕಪ್ ಗೆದ್ದಿದ್ದ. ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ. ಕರೀಂ ಅಬ್ದುಲ್ ಜಬ್ಬಾರ್ ಆಗಷ್ಟೇ ನಿವೃತ್ತನಾಗಿದ್ದ. ಇಪ್ಪತ್ತು ವರ್ಷ ಆಡಿ, ಎನ್‌ಬಿಎಯಲ್ಲಿ ಅಲ್ಲಿಯವರೆಗಿನ ಎಲ್ಲರಿಗಿಂತ ಹೆಚ್ಚು ಅಂಕ ಗಳಿಸಿ ಹೋದವನ ಜಾಗದಲ್ಲಿ ಭಾಷೆ ಬಾರದ ಹುಡುಗನನ್ನು ನಿಲ್ಲಿಸಿದರು. ಎರಡನೇ ವರ್ಷಕ್ಕೆ, 1991ರಲ್ಲಿ, ಮ್ಯಾಜಿಕ್ ಜಾನ್ಸನ್ ಜೊತೆ ಆಡಿ ಫೈನಲ್ ತಲುಪಿದ. ಅಲ್ಲಿ ಮೈಕೆಲ್ ಜೋರ್ಡನ್‌ನ ಶಿಕಾಗೊ ಬುಲ್ಸ್ ಎದುರು ಸೋಲಾಯಿತು. ಅದು ಬೇರೆ ಮಾತು.

1996ರ ಬೇಸಗೆಯಲ್ಲಿ ಲೇಕರ್ಸ್ ತಂಡ ಕಟ್ಟುವ ಹೊಣೆ ಹೊತ್ತಿದ್ದ ಜೆರ್ರಿ ವೆಸ್ಟ್‌ಗೆ ಇಬ್ಬರು ಬೇಕಾಗಿದ್ದರು. ಒಬ್ಬ ಹೈಸ್ಕೂಲು ಮುಗಿಸಿ ನೇರವಾಗಿ ಬಂದಿದ್ದ ಹದಿನೇಳರ ಕೋಬಿ. ಅವನನ್ನು 13ನೆಯವನಾಗಿ ಆರಿಸಿದ್ದು ಶಾರ್ಲೆಟ್ ಹಾರ್ನೆಟ್ಸ್. ಇನ್ನೊಬ್ಬ ದೈತ್ಯ ಸೆಂಟರ್ ಶಕೀಲ್ ಓನೀಲ್. ಅವನನ್ನು ಕರೆತರಲು, ತಂಡವೊಂದು ಕೊಡಬಹುದಾದ ಒಟ್ಟು ಸಂಬಳದ ಮಿತಿಯೊಳಗೆ ಜಾಗ ಬೇಕಿತ್ತು. ದಿವಾತ್ಸ್‌ನನ್ನು ಶಾರ್ಲೆಟ್‌ಗೆ ಕಳಿಸಿದರೆ ಕೋಬಿಯೂ ಸಿಗುತ್ತಾನೆ, ಶಕೀಲ್‌ಗೆ ಸಂಬಳವೂ ಹೊಂದುತ್ತದೆ. ಬೇಡವಾದ ಸಾಮಾನನ್ನು ಯಾರೂ ಇಷ್ಟು ಲೆಕ್ಕ ಹಾಕಿ ಮಾರುವುದಿಲ್ಲ.

ದಿವಾತ್ಸ್ ಮೊದಲು ಒಪ್ಪಲಿಲ್ಲ. ಲಾಸ್ ಏಂಜಲಿಸ್ ಬಿಡುವುದಾದರೆ ಆಟವನ್ನೇ ಬಿಡುತ್ತೇನೆ ಎಂದ. ಆಗ ಅವನಿಗೆ ಇಪ್ಪತ್ತೆಂಟು, ಸೆಂಟರ್ ಒಬ್ಬನ ಮೈ ಮತ್ತು ತಲೆ ಎರಡೂ ಪಕ್ವವಾಗುವ ವಯಸ್ಸು. ಅವನು ಹಟ ಹಿಡಿದಿದ್ದರೆ ಇಡೀ ವ್ಯವಹಾರ ಮುರಿದುಬೀಳುತ್ತಿತ್ತು. ವೆಸ್ಟ್ ಕೂತು ಮಾತನಾಡಿದ ಮೇಲೆ ಹೊರಡಲು ಒಪ್ಪಿದ. ಮುಂದಿನ ಋತುವಿನಲ್ಲಿ ಶಾರ್ಲೆಟ್ 54 ಪಂದ್ಯ ಗೆದ್ದಿತು, ಆ ತಂಡ ಅಲ್ಲಿಯವರೆಗೆ ಕಂಡಿರದ ಸಂಖ್ಯೆ. ಕೋಬಿ ಇಪ್ಪತ್ತು ವರ್ಷ ಲೇಕರ್ಸ್‌ನಲ್ಲಿ ಆಡಿ ಐದು ಬಾರಿ ಚಾಂಪಿಯನ್ ಆದದ್ದರಿಂದ ಈ 54 ಯಾರ ನೆನಪಿನಲ್ಲೂ ಇಲ್ಲ.

ಪ್ರಶ್ನೆ: ನಾನು ಕಾಲೇಜು ತಂಡದಲ್ಲಿ ಆಡುತ್ತೇನೆ. ಸೆಮಿಫೈನಲ್‌ನಲ್ಲಿ ಕೊನೆಯ ಕ್ಷಣದಲ್ಲಿ ನನ್ನ ತಪ್ಪಿನಿಂದ ಸೋತೆವು. ದಿವಾತ್ಸ್‌ಗೂ ಹೀಗೇ ಆಗಿತ್ತು ಎಂದು ನಮ್ಮ ತರಬೇತುದಾರರು ಹೇಳಿದರು. ಸಮಾಧಾನಕ್ಕೆ ಹೇಳಿದ್ದೋ, ನಿಜವೋ?

ಉತ್ತರ: ನಿಜ ತಂಗಿ, ಮತ್ತು ಅವನಿಗೆ ಆದದ್ದು ನಿನಗೆ ಆದದ್ದಕ್ಕಿಂತ ಬಹಳ ದೊಡ್ಡದು.

1986, ಮ್ಯಾಡ್ರಿಡ್, ವಿಶ್ವ ಚಾಂಪಿಯನ್‌ಷಿಪ್ ಸೆಮಿಫೈನಲ್. ಯುಗೊಸ್ಲಾವಿಯಾ ಮತ್ತು ಸೋವಿಯತ್ ಒಕ್ಕೂಟ. ಒಂದು ನಿಮಿಷಕ್ಕೂ ಕಡಿಮೆ ಉಳಿದಿದ್ದಾಗ ಯುಗೊಸ್ಲಾವಿಯಾ 9 ಅಂಕ ಮುಂದಿತ್ತು. ಆಚೆಯಿಂದ ಹಾಕಿದರೆ ಮೂರು ಅಂಕ ಸಿಗುವ ಗೆರೆ ಅಂತರರಾಷ್ಟ್ರೀಯ ಆಟಕ್ಕೆ ಬಂದು ಎರಡೇ ವರ್ಷವಾಗಿತ್ತು. 9 ಅಂಕ ಎಂದರೆ ಮೂರೇ ಎಸೆತ ಎಂಬ ಲೆಕ್ಕ ಇನ್ನೂ ಯಾರ ರಕ್ತಕ್ಕೂ ಇಳಿದಿರಲಿಲ್ಲ. ಸೋವಿಯತ್ ತಂಡದ ಸಬೊನಿಸ್ ಒಂದು ಹಾಕಿದ. ತಿಖೊನೆಂಕೊ ಇನ್ನೊಂದು ಹಾಕಿದ. ಈಗ ಅಂತರ 3, ಚೆಂಡು ಯುಗೊಸ್ಲಾವಿಯಾದ್ದು. ಅದು ಹದಿನೆಂಟರ ದಿವಾತ್ಸ್ ಕೈಗೆ ಬಂತು. ಅವನು ಮಾಡಬೇಕಾದದ್ದು ಇಷ್ಟೇ: ಎದೆಗೆ ಅವುಚಿಕೊಂಡು ನಿಲ್ಲುವುದು. ಅವನು ಚೆಂಡನ್ನು ನೆಲಕ್ಕೆ ಬಡಿದ, ಹಿಡಿದ, ಮತ್ತೆ ಬಡಿದ. ಡಬಲ್ ಡ್ರಿಬಲ್, ಒಮ್ಮೆ ಹಿಡಿದ ಚೆಂಡನ್ನು ಮತ್ತೆ ಬಡಿಯುವ ತಪ್ಪು. ಸೀಟಿ. ಚೆಂಡು ಎದುರಾಳಿಗೆ. ವಾಲ್ಟರ್ಸ್ ಮೂರನೆಯದನ್ನೂ ಹಾಕಿದ. ಹೆಚ್ಚುವರಿ ಸಮಯದಲ್ಲಿ 91-90ರಿಂದ ಸೋವಿಯತ್ ಗೆದ್ದಿತು.

ಆ ಕ್ಷಣದ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನಾನು ನೋಡುವುದು ರೆಫರಿಯ ತೋಳನ್ನು. ಸಂದೇಹವಿರುವ ತಪ್ಪಿಗೆ ತೋಳು ತುಸು ತಡವಾಗಿ ಏಳುತ್ತದೆ. ಹುಡುಗನೊಬ್ಬ ಗಾಬರಿಯಲ್ಲಿ ಮಾಡುವ ಡಬಲ್ ಡ್ರಿಬಲ್‌ಗೆ ಸಂದೇಹವೇ ಇರುವುದಿಲ್ಲ. ನಾನೂ ಒಬ್ಬ ಹುಡುಗನಿಗೆ ಹೀಗೆ ಊದಿದ್ದೇನೆ, ಇಂಥದ್ದೇ ಕೊನೆಯ ನಿಮಿಷದಲ್ಲಿ. ಊದಿದ್ದು ಸರಿಯಾಗಿತ್ತು. ಅವನು ನನ್ನತ್ತ ತಿರುಗಲೇ ಇಲ್ಲ, ತನ್ನ ಅಂಗೈ ನೋಡಿಕೊಂಡ. ಸೀಟಿ ಬಾಯಲ್ಲಿದ್ದರೂ ಏನೋ ಹೇಳಬೇಕು ಅನ್ನಿಸಿತು. ರೆಫರಿ ಹಾಗೆಲ್ಲ ಹೇಳುವಂತಿಲ್ಲ.

ನಿನಗೆ ಬೇಕಾದದ್ದು ಆಮೇಲಿನ ಕಥೆ. ಆ ತಂಡದ ತರಬೇತುದಾರ ಕ್ರೆಶಿಮಿರ್ ಚೋಸಿಚ್, ತನ್ನ ಕಾಲದಲ್ಲಿ ಯುರೋಪಿನ ಅತಿ ಜಾಣ ಸೆಂಟರ್. ಹುಡುಗನನ್ನು ಮನೆಗೆ ಕಳಿಸಲಿಲ್ಲ. ಮರುವರ್ಷ ಇಟಲಿಯ ಬೋರ್ಮಿಯೊದಲ್ಲಿ ನಡೆದ ಕಿರಿಯರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ದಿವಾತ್ಸ್, ತೋನಿ ಕೂಕೊಚ್, ದಿನೊ ರಾಜಾ, ಸಾಶಾ ಜೋರ್ಜೆವಿಚ್ ಸೇರಿ ಅಮೆರಿಕವನ್ನು ಎರಡು ಸಲ ಸೋಲಿಸಿ ಗೆದ್ದರು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ. 1989ರಲ್ಲಿ ಯುರೋಪ್ ಚಾಂಪಿಯನ್. 1990ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ವಿಶ್ವ ಚಾಂಪಿಯನ್, ಫೈನಲ್‌ನಲ್ಲಿ ಸೋಲಿಸಿದ್ದು ಅದೇ ಸೋವಿಯತ್ ಒಕ್ಕೂಟವನ್ನು, 92-75ರಿಂದ.

ಪ್ರಶ್ನೆ: ಆ ವಿಶ್ವಕಪ್ ಗೆದ್ದ ದಿನವೇ ಧ್ವಜದ ಗಲಾಟೆಯಾಗಿ ದ್ರಾಜೆನ್ ಪೆತ್ರೋವಿಚ್ ಜೊತೆಗಿನ ಸ್ನೇಹ ಮುರಿಯಿತಂತೆ. ತಪ್ಪು ಯಾರದು?

ಉತ್ತರ: ರೆಫರಿಗಳಿಗೆ ಬರುವ ಪ್ರಶ್ನೆಯೇ ಇದು, 'ತಪ್ಪು ಯಾರದು?' ಇದಕ್ಕೆ ನಾನು ಸೀಟಿ ಊದಲಾರೆ. ನಡೆದದ್ದನ್ನು ಹೇಳುತ್ತೇನೆ.

ಪೆತ್ರೋವಿಚ್ ಕ್ರೊಯೇಷಿಯಾದ ಶಿಬೆನಿಕ್‌ನವನು. ದಿವಾತ್ಸ್ ನೈರುತ್ಯ ಸರ್ಬಿಯಾದ ಪ್ರಿಯೆಪೊಲ್ಯೆ ಎಂಬ ಸಣ್ಣ ಊರಿನವನು. ಆಗ ಎರಡೂ ಯುಗೊಸ್ಲಾವಿಯಾ ಎಂಬ ಒಂದೇ ದೇಶದೊಳಗಿದ್ದವು. ಇಬ್ಬರೂ ಅದರ ತಂಡದಲ್ಲಿ ಆಡಿ, 1989ರಲ್ಲಿ ಒಟ್ಟಿಗೇ ಎನ್‌ಬಿಎಗೆ ಹೋದರು. ಒಬ್ಬ ಪೋರ್ಟ್‌ಲೆಂಡ್‌ಗೆ, ಇನ್ನೊಬ್ಬ ಲಾಸ್ ಏಂಜಲಿಸ್‌ಗೆ. ಪೆತ್ರೋವಿಚ್‌ನನ್ನು ಅಲ್ಲಿ ಬೆಂಚಿನಲ್ಲಿ ಕೂರಿಸುತ್ತಿದ್ದರು. ಅವನ ಆ ದುಃಖದ ದಿನಗಳಲ್ಲಿ ಇಬ್ಬರೂ ಫೋನಿನಲ್ಲಿ ಮಾತನಾಡಿಕೊಳ್ಳುತ್ತಿದ್ದರು.

1990ರ ಆಗಸ್ಟ್‌ನಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಗೆಲುವಿನ ಸಂಭ್ರಮ ನಡೆದಿದ್ದಾಗ ಒಬ್ಬ ಅಭಿಮಾನಿ ಕ್ರೊಯೇಷಿಯಾದ ಧ್ವಜ ಹಿಡಿದು ಅಂಕಣಕ್ಕೆ ನುಗ್ಗಿದ. ದಿವಾತ್ಸ್ ಅದನ್ನು ಅವನ ಕೈಯಿಂದ ಕಿತ್ತುಕೊಂಡ. ಗೆದ್ದದ್ದು ಯುಗೊಸ್ಲಾವಿಯಾ, ಸರ್ಬಿಯಾದ ಧ್ವಜ ತಂದಿದ್ದರೂ ಹಾಗೇ ಮಾಡುತ್ತಿದ್ದೆ ಎಂಬುದು ಅವನ ವಿವರಣೆ. ದೇಶ ಒಡೆಯುವ ಅಂಚಿನಲ್ಲಿತ್ತು. ಆ ವಿವರಣೆ ಕೇಳಿಸಿಕೊಳ್ಳುವ ಕಿವಿ ಎರಡೂ ಕಡೆ ಇರಲಿಲ್ಲ. ಸರ್ಬಿಯಾದಲ್ಲಿ ಅವನು ವೀರನಾದ, ಕ್ರೊಯೇಷಿಯಾದಲ್ಲಿ ಶತ್ರುವಾದ. ಎರಡೂ ಪಟ್ಟ ಅವನು ಕೇಳಿ ಪಡೆದದ್ದಲ್ಲ. ಪೆತ್ರೋವಿಚ್ ಮಾತು ಬಿಟ್ಟ.

1991ರ ಜೂನ್‌ನಲ್ಲಿ ರೋಮ್‌ನಲ್ಲಿ ಯುರೋಪ್ ಚಾಂಪಿಯನ್‌ಷಿಪ್ ನಡೆಯುತ್ತಿದ್ದಾಗಲೇ ಸ್ಲೊವೇನಿಯಾ ಸ್ವಾತಂತ್ರ್ಯ ಘೋಷಿಸಿತು. ತಂಡದಲ್ಲಿದ್ದ ಸ್ಲೊವೇನಿಯಾದ ಯೂರೆ ಜ್ದೋವ್ತ್ಸ್ ಸೆಮಿಫೈನಲ್‌ಗೆ ಮುಂಚೆ ಹೊರಟುಹೋದ. ಉಳಿದವರು ಆಡಿ ಚಿನ್ನ ಗೆದ್ದರು. ಪಂದ್ಯಾವಳಿ ನಡುವೆ ಆಟಗಾರ ಗಾಯದಿಂದ ಹೋಗುವುದನ್ನು ನಾನು ನೂರು ಸಲ ನೋಡಿದ್ದೇನೆ, ಗಡಿರೇಖೆಯಿಂದ ಹೋದದ್ದನ್ನು ಬೇರೆಲ್ಲೂ ಕಂಡಿಲ್ಲ.

ಪೆತ್ರೋವಿಚ್ ನ್ಯೂಜೆರ್ಸಿ ತಂಡಕ್ಕೆ ಹೋಗಿ ಎನ್‌ಬಿಎಯ ಅತ್ಯುತ್ತಮ ಗುರಿಕಾರರಲ್ಲಿ ಒಬ್ಬನಾದ. 1993ರ ಜೂನ್ 7ರಂದು ಜರ್ಮನಿಯ ಹೆದ್ದಾರಿಯಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ. ಇಪ್ಪತ್ತೆಂಟು ವರ್ಷ. ಇಬ್ಬರ ನಡುವೆ ರಾಜಿಯಾಗಿರಲಿಲ್ಲ. ಹಲವು ವರ್ಷಗಳ ಮೇಲೆ, ಒಂದು ಸಾಕ್ಷ್ಯಚಿತ್ರದ ಚಿತ್ರೀಕರಣದ ಸಂದರ್ಭದಲ್ಲಿ, ದಿವಾತ್ಸ್ ಜಾಗ್ರೆಬ್‌ಗೆ ಹೋಗಿ ಪೆತ್ರೋವಿಚ್‌ನ ತಾಯಿಯನ್ನು ಕಂಡ, ಸಮಾಧಿಯ ಬಳಿ ನಿಂತ. ಅದನ್ನು ನಾನು ಒಂದೇ ಸಲ ನೋಡಿದ್ದೇನೆ. ಎರಡನೆಯ ಸಲ ನೋಡುವ ಧೈರ್ಯವಾಗಲಿಲ್ಲ.

ಪ್ರಶ್ನೆ: ಅವನು ಹೆಚ್ಚಿಗೆ ಆಡಿದ್ದು ಸರ್ಬಿಯಾಕ್ಕೋ, ಯುಗೊಸ್ಲಾವಿಯಾಕ್ಕೋ?

ಉತ್ತರ: ಸರ್ಬಿಯಾ ಎಂದು ಬರೆದ ಅಂಗಿಯನ್ನು ಅವನು ಒಮ್ಮೆಯೂ ತೊಟ್ಟಿಲ್ಲ. ಹಳೆಯ ದೊಡ್ಡ ಯುಗೊಸ್ಲಾವಿಯಾಕ್ಕೆ ಆಡಿದ. ಅದು ಒಡೆದ ಮೇಲೆ ಸರ್ಬಿಯಾ ಮತ್ತು ಮಾಂಟೆನೆಗ್ರೊ ಸೇರಿ ಉಳಿಸಿಕೊಂಡ ಸಣ್ಣ ಯುಗೊಸ್ಲಾವಿಯಾಕ್ಕೂ ಆಡಿದ. ನಡುವೆ ವಿಶ್ವಸಂಸ್ಥೆಯ ನಿರ್ಬಂಧದಿಂದ 1992ರ ಬಾರ್ಸಿಲೋನ ಒಲಿಂಪಿಕ್ಸ್ ಹೋಯಿತು. ಬೆಲ್‌ಗ್ರೇಡ್‌ನಲ್ಲೇ ನಡೆಯಬೇಕಿದ್ದ 1994ರ ವಿಶ್ವ ಚಾಂಪಿಯನ್‌ಷಿಪ್ ಟೊರಾಂಟೊಗೆ ಹೋಯಿತು. ಇಪ್ಪತ್ತನಾಲ್ಕರಿಂದ ಇಪ್ಪತ್ತಾರರವರೆಗಿನ ವಯಸ್ಸು ಹೀಗೆ ಕಳೆಯಿತು. 1995ರಲ್ಲಿ ಅಥೆನ್ಸ್‌ಗೆ ಮರಳಿ ಬಂದವರೇ ಯುರೋಪ್ ಚಾಂಪಿಯನ್ ಆದರು. ಕಂಚು ಗೆದ್ದ ಕ್ರೊಯೇಷಿಯಾದವರು ಇವರ ರಾಷ್ಟ್ರಗೀತೆಗೆ ಮೊದಲೇ ಪೀಠದಿಂದ ಇಳಿದು ನಡೆದರು. ಹಳೆಯ ಜೊತೆಗಾರರು.

ಪ್ರಶ್ನೆ: ಎದುರಾಳಿಗೆ ಫೌಲ್ ಕೊಡಿಸಲು ನಾಟಕವಾಡಿ ಬೀಳುವುದನ್ನು ಎನ್‌ಬಿಎಗೆ ಕಲಿಸಿದವನೇ ಇವನು. ಇಂಥವನನ್ನು ಆಟದ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು ಆಟಕ್ಕೆ ಅವಮಾನವಲ್ಲವೇ? ರೆಫರಿಯಾಗಿದ್ದವರು ಉತ್ತರಿಸಿ.

ಉತ್ತರ: ರೆಫರಿಯಾಗಿ ಉತ್ತರಿಸುವುದಾದರೆ, ಅವನು ನನ್ನ ಪಂದ್ಯದಲ್ಲಿ ಆಡಲಿಲ್ಲವಲ್ಲ ಎಂದು ದೇವರಿಗೆ ಕೈಮುಗಿಯುತ್ತೇನೆ.

216 ಸೆಂಟಿಮೀಟರ್ ಎತ್ತರದ ಮನುಷ್ಯ, ಗಡ್ಡ ಬಿಟ್ಟವನು, ಭುಜ ತಾಗಿದೊಡನೆ ತೋಳೆರಡನ್ನೂ ಮೇಲಕ್ಕೆಸೆದು ಬೆನ್ನ ಮೇಲೆ ಜಾರಿಹೋಗುತ್ತಿದ್ದ. ಎದುರಿಗೆ ಶಕೀಲ್ ಓನೀಲ್ ನಿಂತಿದ್ದರೆ ಇದು ಇನ್ನೂ ಹೆಚ್ಚು. ಶಕೀಲ್ ಬಹಿರಂಗವಾಗಿಯೇ ಗೊಣಗುತ್ತಿದ್ದ. ಆದರೆ ಶಕೀಲ್ ಬೆನ್ನು ತಿರುಗಿಸಿ ಒತ್ತಿಕೊಂಡು ಬಂದರೆ ಅವನನ್ನು ತಡೆಯುವ ನ್ಯಾಯವಾದ ದಾರಿಯನ್ನು ಯಾರೂ ಕಂಡುಹಿಡಿದಿರಲಿಲ್ಲ ಎಂಬುದನ್ನೂ ನೆನಪಿಡಿ. ದಿವಾತ್ಸ್ ಬಳಿ ಅಷ್ಟು ತೂಕವಿರಲಿಲ್ಲ, ಅಷ್ಟು ಜಿಗಿತವೂ ಇರಲಿಲ್ಲ. ಮೂರನೆಯ ದಾರಿ ರೆಫರಿಯ ಕಣ್ಣು.

ಬೀಳುವುದರಲ್ಲಿ ನಮ್ಮನ್ನು ಮೋಸಗೊಳಿಸುವುದು ಸದ್ದು. ನಾವು ತಾಗಿದ ಕ್ಷಣವನ್ನು ನೋಡಿರುವುದಿಲ್ಲ. ದೇಹ ನೆಲಕ್ಕೆ ಬಡಿದ ಸದ್ದು ಕೇಳಿ, ತಿರುಗಿ, ಬಿದ್ದವನನ್ನೂ ನಿಂತವನನ್ನೂ ನೋಡಿ, ಕಥೆ ಕಟ್ಟಿಕೊಂಡು ಊದುತ್ತೇವೆ. ನಾನು ಹಾಗೆ ಊದಿದ ಒಂದು ಫೌಲ್ ಇಂದಿಗೂ ನಿದ್ದೆಗೆಡಿಸುತ್ತದೆ. ಬಿದ್ದವನು ಎದ್ದು ನನಗೆ ಕಣ್ಣು ಮಿಟುಕಿಸಿದ್ದ! ಎನ್‌ಬಿಎ 2012ರಲ್ಲಿ ಇಂಥ ನಾಟಕಕ್ಕೆ ದಂಡ ತಂದಿತು. ಆ ಹೊತ್ತಿಗೆ ದಿವಾತ್ಸ್ ಆಟ ಬಿಟ್ಟು ಏಳು ವರ್ಷವಾಗಿತ್ತು.

ಆದರೆ ಹಾಲ್ ಆಫ್ ಫೇಮ್‌ಗೆ 2019ರಲ್ಲಿ ಅವನು ಹೋದದ್ದು ಬಿದ್ದದ್ದಕ್ಕಲ್ಲ. ಎನ್‌ಬಿಎಯ ಹದಿನಾರು ಋತುಗಳಲ್ಲಿ 13 ಸಾವಿರಕ್ಕೂ ಹೆಚ್ಚು ಅಂಕ, 9 ಸಾವಿರಕ್ಕೂ ಹೆಚ್ಚು ರೀಬೌಂಡ್ (ಬುಟ್ಟಿಗೆ ಬೀಳದೆ ಪುಟಿದ ಚೆಂಡನ್ನು ಹಿಡಿದದ್ದು), 3,500ಕ್ಕೂ ಹೆಚ್ಚು ಅಸಿಸ್ಟ್ (ಜೊತೆಗಾರನ ಅಂಕಕ್ಕೆ ದಾರಿಯಾದ ಪಾಸ್). ಕೊನೆಯದನ್ನು ಎರಡು ಸಲ ಓದಿ. ಸೆಂಟರ್ ಎಂದರೆ ಬುಟ್ಟಿಯ ಕೆಳಗಿನ ಕಂಬ ಎಂದು ನಂಬಿದ್ದ ಕಾಲ ಅದು. ನನ್ನ ತರಬೇತುದಾರರು ನನಗೆ ಕಲಿಸಿದ್ದು ಎರಡೇ: ಕೈ ಮೇಲೆತ್ತು, ದಾರಿಗಡ್ಡವಾಗಿ ನಿಲ್ಲು. ಇವನು ಅದೇ ಜಾಗದಲ್ಲಿ ನಿಂತು ಹಿಮ್ಮಡಿಯ ಹತ್ತಿರದಿಂದ, ಭುಜದ ಹಿಂದಿನಿಂದ, ನೋಡದೆಯೇ ಪಾಸ್ ಕೊಡುತ್ತಿದ್ದ.

ಪ್ರಶ್ನೆ: 2002ರಲ್ಲಿ ಲೇಕರ್ಸ್ ಎದುರಿನ ಆ ನಾಲ್ಕನೇ ಪಂದ್ಯ. ಕೊನೆಯ ಸೆಕೆಂಡಿನಲ್ಲಿ ಚೆಂಡನ್ನು ಹಿಡಿಯುವುದು ಬಿಟ್ಟು ಹೊರಕ್ಕೆ ತಟ್ಟಿದ್ದೇಕೆ? ಅದನ್ನು ಹಿಡಿದಿದ್ದರೆ ಸ್ಯಾಕ್ರಮೆಂಟೊ ಚಾಂಪಿಯನ್ ಆಗುತ್ತಿತ್ತು.

ಉತ್ತರ: ಈ ಪ್ರಶ್ನೆಗೆ ಕಾಯುತ್ತಿದ್ದೆ. ಅದಕ್ಕೆ ಮುಂಚೆ ಆ ತಂಡದ ಬಗ್ಗೆ ಎರಡು ಮಾತು. ದಿವಾತ್ಸ್ ಸ್ಯಾಕ್ರಮೆಂಟೊ ಕಿಂಗ್ಸ್ ಸೇರಿದ್ದು 1999ರ ಆರಂಭದಲ್ಲಿ, ಮಾಲೀಕರು ಆಟಗಾರರಿಗೆ ಬಾಗಿಲು ಮುಚ್ಚಿದ್ದರಿಂದ 82ರ ಬದಲು 50 ಪಂದ್ಯಕ್ಕೆ ಇಳಿದಿದ್ದ ಋತುವಿನಲ್ಲಿ. ಕ್ರಿಸ್ ವೆಬರ್, ಜೇಸನ್ ವಿಲಿಯಮ್ಸ್, ಸರ್ಬ್ ಮೂಲದವನೇ ಆದ ಪೇಜಾ ಸ್ತೊಯಾಕೊವಿಚ್ ಎಲ್ಲರೂ ಅದೇ ಋತುವಿಗೆ ಬಂದರು. ತರಬೇತುದಾರ ರಿಕ್ ಅಡೆಲ್ಮನ್, ಪಕ್ಕದಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಹಳೆಯ ಗುರು ಪೀಟ್ ಕ್ಯಾರಿಲ್. ಅವರ ಪದ್ಧತಿಯಲ್ಲಿ ಚೆಂಡು ಎತ್ತರದವನ ಕೈಗೆ ಬರುತ್ತದೆ, ಗಿಡ್ಡನೆಯವರು ಎದುರಾಳಿಯ ಬೆನ್ನ ಹಿಂದಿನಿಂದ ಬುಟ್ಟಿಯತ್ತ ನುಗ್ಗುತ್ತಾರೆ. ಬೇರೆ ತಂಡಗಳಲ್ಲಿ ವಿಚಿತ್ರವೆನಿಸಿದ್ದ ದಿವಾತ್ಸ್‌ನ ಆಟಕ್ಕೆ ಕೊನೆಗೂ ಒಂದು ಮನೆ ಸಿಕ್ಕಿತು. 2001-02ರಲ್ಲಿ ಕಿಂಗ್ಸ್ 61 ಪಂದ್ಯ ಗೆದ್ದಿತು.

ಈಗ ಆ ಕ್ಷಣ. ಮೊದಲು ನಾಲ್ಕು ಪಂದ್ಯ ಗೆದ್ದವರು ಫೈನಲ್‌ಗೆ ಹೋಗುವ ಆ ಸರಣಿಯಲ್ಲಿ ಕಿಂಗ್ಸ್ 2-1ರಿಂದ ಮುಂದಿತ್ತು. ನಾಲ್ಕನೇ ಪಂದ್ಯದ ಮೊದಲ ಅರ್ಧದಲ್ಲಿ 24 ಅಂಕಗಳ ಮುನ್ನಡೆಯಿತ್ತು, ಅದು ಕರಗಿ ಕೊನೆಗೆ 99-97. ಕೋಬಿ ನುಗ್ಗಿ ಎಸೆದ, ಬೀಳಲಿಲ್ಲ. ಶಕೀಲ್ ಮತ್ತೆ ಎಸೆದ, ಅದೂ ಬೀಳಲಿಲ್ಲ. ಚೆಂಡು ದಿವಾತ್ಸ್‌ನ ಬೆರಳ ತುದಿಗೆ ಬಂತು. ಹೆಸರುಗಳನ್ನು ಗಮನಿಸಿದಿರಾ? ಆರು ವರ್ಷದ ಹಿಂದೆ ಯಾರಿಬ್ಬರಿಗಾಗಿ ಅವನನ್ನು ಲಾಸ್ ಏಂಜಲಿಸ್‌ನಿಂದ ಕಳಿಸಿದ್ದರೋ ಅವರಿಬ್ಬರೂ ಅವನ ಕಣ್ಣ ಮುಂದೆಯೇ ತಪ್ಪಿದ್ದರು. ಅವನು ಚೆಂಡನ್ನು ಜನಜಂಗುಳಿಯಿಂದ ಹೊರಕ್ಕೆ ತಟ್ಟಿದ. ಅಲ್ಲಿ ಮೂರು ಅಂಕಗಳ ಗೆರೆಯಾಚೆ ರಾಬರ್ಟ್ ಹೋರಿ ಒಬ್ಬನೇ ನಿಂತಿದ್ದ. 100-99.

ಹಿಡಿಯಬಹುದಿತ್ತೇ? ಶಕೀಲ್ ಪಕ್ಕದಲ್ಲಿದ್ದಾಗ ಎರಡೂ ಕೈಯಲ್ಲಿ ಹಿಡಿಯಲು ಹೋದರೆ ಚೆಂಡು ಕಿತ್ತು ಹೋಗಿ ಮತ್ತೆ ಬುಟ್ಟಿಗೆ ಬೀಳುವ ಅಪಾಯ. ದೂರ ತಟ್ಟಿದರೆ ಗಡಿಯಾರ ಮುಗಿಯುತ್ತದೆ. ಯಾವ ಸೆಂಟರ್‌ನನ್ನು ಕೇಳಿದರೂ ತಟ್ಟುತ್ತೇನೆ ಎನ್ನುತ್ತಾನೆ, ನಾನೂ ತಟ್ಟುತ್ತಿದ್ದೆ. 1986ರಲ್ಲಿ ಅವನು ಮಾಡಿದ್ದು ತಪ್ಪು. 2002ರಲ್ಲಿ ಮಾಡಿದ್ದು ತಪ್ಪಲ್ಲ. ಜನ ಎರಡನ್ನೂ ಒಂದೇ ಹಾರದಲ್ಲಿ ಪೋಣಿಸುತ್ತಾರೆ, ಅದಕ್ಕೆ ನನ್ನ ಆಕ್ಷೇಪ. ಪ್ರಶ್ನೆ ಕೇಳಬೇಕಾದರೆ ಅದಕ್ಕೆ ತುಸು ಮುಂಚೆ ಅವನು ಎರಡು ಫ್ರೀ ಥ್ರೋಗಳಲ್ಲಿ (ಫೌಲ್‌ಗೆ ಸಿಗುವ ಉಚಿತ ಎಸೆತ) ಒಂದನ್ನು ತಪ್ಪಿಸಿದ್ದರ ಬಗ್ಗೆ ಕೇಳಿ. ಆರನೇ ಪಂದ್ಯದ ಕೊನೆಯ ಕ್ವಾರ್ಟರ್ ಒಂದರಲ್ಲೇ ಲೇಕರ್ಸ್‌ಗೆ 27 ಫ್ರೀ ಥ್ರೋ ಕೊಟ್ಟದ್ದರ ಬಗ್ಗೆ ಕೇಳಿ. ಅದರ ಬಗ್ಗೆ ನನ್ನಂಥವರು ಬಾಯಿ ಬಿಡುವುದು ಕಷ್ಟ. ಸೀಟಿಯವರು ಸೀಟಿಯವರನ್ನು ಬೈಯುವುದಿಲ್ಲ. ಆದರೆ ಆ ಸಂಖ್ಯೆಯನ್ನು ಸಮರ್ಥಿಸುವ ಶಕ್ತಿಯೂ ನನಗಿಲ್ಲ. ಏಳನೆಯದನ್ನು ಹೆಚ್ಚುವರಿ ಸಮಯದಲ್ಲಿ ಲೇಕರ್ಸ್ ಗೆದ್ದಿತು.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಇಂಡಿಯಾನಪೊಲಿಸ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್. ಮೂವತ್ತನಾಲ್ಕರ ದಿವಾತ್ಸ್, ಸ್ತೊಯಾಕೊವಿಚ್, ದೆಯಾನ್ ಬೊದಿರೊಗ ಇದ್ದ ಯುಗೊಸ್ಲಾವಿಯಾ ಕ್ವಾರ್ಟರ್‌ಫೈನಲ್‌ನಲ್ಲಿ ಅಮೆರಿಕವನ್ನು ಅದರ ನೆಲದಲ್ಲೇ 81-78ರಿಂದ ಕೆಡವಿತು. ಫೈನಲ್‌ನಲ್ಲಿ ಅರ್ಜೆಂಟೀನಾವನ್ನು ಹೆಚ್ಚುವರಿ ಸಮಯದಲ್ಲಿ 84-77ರಿಂದ ಸೋಲಿಸಿತು. ಹೋರಿಯ ಎಸೆತವನ್ನು ವರ್ಷಕ್ಕೊಮ್ಮೆ ತೋರಿಸುವ ಟಿವಿಯವರು ಇದನ್ನೂ ತೋರಿಸಲಿ.

ಪ್ರಶ್ನೆ: ಆಡಳಿತಗಾರನಾಗಿ ಲೂಕಾ ದೋಂಚಿಚ್‌ನನ್ನು ಬಿಟ್ಟುಕೊಟ್ಟ ಮನುಷ್ಯನನ್ನೂ ಸಮರ್ಥಿಸುತ್ತೀರಾ?

ಉತ್ತರ: ಇಲ್ಲ. 2018ರ ಡ್ರಾಫ್ಟ್‌ನಲ್ಲಿ ಎರಡನೇ ಆಯ್ಕೆ ದಿವಾತ್ಸ್ ಆಗ ಆಡಳಿತ ನಡೆಸುತ್ತಿದ್ದ ಸ್ಯಾಕ್ರಮೆಂಟೊದ್ದು, ಆರಿಸಿದ್ದು ಮಾರ್ವಿನ್ ಬ್ಯಾಗ್ಲಿಯನ್ನು. ಹಳೆಯ ಯುಗೊಸ್ಲಾವಿಯಾದ ನೆಲದಲ್ಲಿ ಹುಟ್ಟಿದ ಲೂಕಾನಂಥ ಪಾಸ್ ಮಾಂತ್ರಿಕನನ್ನು ಬೇರೆ ಯಾರು ಗುರುತಿಸದಿದ್ದರೂ ದಿವಾತ್ಸ್ ಗುರುತಿಸಬೇಕಿತ್ತು. ಇಲ್ಲಿ ಸೀಟಿ ಊದುತ್ತೇನೆ, ಜೋರಾಗಿಯೇ. 2020ರಲ್ಲಿ ಅವನು ಆ ಹುದ್ದೆ ಬಿಟ್ಟ.

ಪ್ರಶ್ನೆ: ನನಗೆ ಹದಿನೈದು ವರ್ಷ, ತರಗತಿಯಲ್ಲಿ ಎಲ್ಲರಿಗಿಂತ ಉದ್ದ. ನಿಕೊಲಾ ಯೋಕಿಚ್ ಥರ ಪಾಸ್ ಕೊಡುವ ಸೆಂಟರ್ ಆಗಬೇಕು. ದಿವಾತ್ಸ್ ಆಟ ನೋಡಿ ಕಲಿಯಲು ಏನಾದರೂ ಇದೆಯೇ ಸರ್?

ಉತ್ತರ: ಇದೆ ಮಗು. ಯೋಕಿಚ್‌ನನ್ನು 2014ರಲ್ಲಿ 41ನೆಯವನಾಗಿ ಆರಿಸಿದ್ದರು. 2021, 2022, 2024ರಲ್ಲಿ ಅವನೇ ಎನ್‌ಬಿಎಯ ಅತ್ಯಮೂಲ್ಯ ಆಟಗಾರ. ಆದರೆ ಅವನನ್ನು ನೋಡಿ ಕಲಿಯುವುದು ಕಷ್ಟ, ಅವನ ಕೈ ನಮ್ಮ ಕಣ್ಣಿಗಿಂತ ಮುಂದಿರುತ್ತದೆ. ದಿವಾತ್ಸ್ ನಿಧಾನ, ನಿನಗೆ ಕಾಣಿಸುತ್ತಾನೆ.

ಕಿಂಗ್ಸ್‌ನ 2001-02ರ ಯಾವುದಾದರೂ ಪಂದ್ಯ ಹಾಕಿಕೊ. ಚೆಂಡನ್ನು ಹಿಂಬಾಲಿಸಬೇಡ, 21ನೇ ಸಂಖ್ಯೆಯನ್ನು ಮಾತ್ರ ನೋಡು. ಲೇಕರ್ಸ್‌ನಲ್ಲಿ 12 ಆಗಿದ್ದದ್ದು ಇಲ್ಲಿ ತಿರುಗಿ 21 ಆಯಿತು, ಕಿಂಗ್ಸ್ 2009ರಲ್ಲಿ ಆ ಅಂಗಿಯನ್ನು ಗೌರವಾರ್ಥವಾಗಿ ಛಾವಣಿಗೇರಿಸಿತು. ಫ್ರೀ ಥ್ರೋ ಗೆರೆಯ ಮೂಲೆಯಲ್ಲಿ ನಿಂತು ಅವನು ಚೆಂಡನ್ನು ಎಲ್ಲಿ ಇಟ್ಟುಕೊಳ್ಳುತ್ತಾನೆ ನೋಡು: ಕಿವಿಯ ಮೇಲೆ, ಗಿಡ್ಡನೆಯವರ ಕೈಗೆ ಎಟುಕದಂತೆ. ಹೊಟ್ಟೆಯ ಹತ್ತಿರ ಇಳಿಸುವುದೇ ಇಲ್ಲ. ಆಮೇಲೆ ಅವನ ಗಲ್ಲ ನೋಡು. ನುಗ್ಗುವವನತ್ತ ಅದು ತಿರುಗುವುದಿಲ್ಲ, ಅವನನ್ನು ಕಾಯುತ್ತಿರುವ ಎದುರಾಳಿಯತ್ತ ತಿರುಗಿರುತ್ತದೆ. ಎದುರಾಳಿ ಚೆಂಡಿನತ್ತ ಕತ್ತು ಹೊರಳಿಸಿದ ಕ್ಷಣವೇ ಪಾಸ್ ಹೊರಡುತ್ತದೆ, ನೆಲಕ್ಕೆ ಒಂದು ಪುಟ ಕೊಟ್ಟು.

ಒಬ್ಬ ಗೆಳೆಯನನ್ನು ಎದುರಿಗೆ ನಿಲ್ಲಿಸಿ, ಇನ್ನೊಬ್ಬನನ್ನು ಓಡಿಸಿ, ದಿನಕ್ಕೆ ಐವತ್ತು ಸಲ ಇದನ್ನೇ ಮಾಡು. ಎಡಗೈಯಿಂದ ಇಪ್ಪತ್ತೈದು. ಮೂರು ತಿಂಗಳ ಮೇಲೆ ಬರೆ. ಮತ್ತೆ, ಬೀಳುವುದನ್ನು ಅವನಿಂದ ಕಲಿಯಬೇಡ.